ಎರಡು ವರ್ಷದ ಸಂಸಾರಕ್ಕೆ ಎಷ್ಟು ಕಾಗದ ಸಾಕು?

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳಿಂದ ಮದುವೆಯಾಗಿ ಅಮೆರಿಕಕ್ಕೆ ಹೋದವರ ಕನ್ನಡ ದಾಖಲೆಗಳನ್ನು ಇಂಗ್ಲಿಷಿಗೆ ಅನುವಾದಿಸುವುದು, ಊರಲ್ಲಿರುವ ಹೆತ್ತವರ ಅಫಿಡವಿಟ್ ಬರೆದುಕೊಡುವುದು, ಫೈಲ್ ಜೋಡಿಸಲು ನೆರವಾಗುವುದು ನನ್ನ ವೃತ್ತಿ. ಮಗಳು ಹೋಗಿ ಒಂದೂವರೆ ವರ್ಷ ಕಳೆಯುತ್ತಿದ್ದಂತೆ ಆ ಮನೆಗಳಿಂದ ಫೋನು ಬರುತ್ತದೆ. "ಕಾರ್ಡಿನ ಕಂಡೀಷನ್ ತೆಗೆಸ್ಬೇಕಂತೆ. ಎಷ್ಟು ಪ್ರೂಫ್ ಕೊಡ್ಬೇಕ್ರಿ? ಇಲ್ಲಿಂದ ಏನೇನು ಕಳಿಸಾಣ?"

ವಿಷಯ ಹೊಸದಾಗಿರುವವರಿಗೆ ಮೊದಲು ಹಿನ್ನೆಲೆ ಹೇಳುತ್ತೇನೆ. ಅಮೆರಿಕದ ಪೌರರನ್ನೋ ಅಲ್ಲಿ ಗ್ರೀನ್ ಕಾರ್ಡ್ ಇರುವವರನ್ನೋ ಮದುವೆಯಾದವರು, ಮದುವೆಗೆ ಎರಡು ವರ್ಷ ತುಂಬುವ ಮೊದಲೇ ಅಲ್ಲಿನ ಕಾಯಂ ನಿವಾಸಿಗಳಾದರೆ ಅವರಿಗೆ ಸಿಗುವುದು ಎರಡೇ ವರ್ಷದ ಷರತ್ತಿನ ಕಾರ್ಡ್. ವೀಸಾಕ್ಕಾಗಿ ನಡೆಯುವ ಹುಸಿ ಮದುವೆಗಳನ್ನು ತಡೆಯಲು 1986ರ ನವೆಂಬರ್‌ನಲ್ಲಿ ಅಲ್ಲಿನ ಸಂಸತ್ತು ಮಾಡಿದ ಕಾನೂನಿನಿಂದ ಬಂದ ಏರ್ಪಾಡು ಇದು. ಕಾರ್ಡಿನ ಅವಧಿ ಮುಗಿಯುವುದಕ್ಕೆ ಮುಂಚಿನ 90 ದಿನಗಳ ಒಳಗೆ ಗಂಡ ಹೆಂಡತಿ ಇಬ್ಬರೂ ಸಹಿ ಹಾಕಿ ಐ-751 ಎಂಬ ಅರ್ಜಿಯನ್ನು ವಲಸೆ ಇಲಾಖೆಗೆ, ಅಂದರೆ ಯುಎಸ್‌ಸಿಐಎಸ್‌ಗೆ, ಸಲ್ಲಿಸಬೇಕು. 2024ರ ಏಪ್ರಿಲ್ 1ರಿಂದ ಇದರ ಶುಲ್ಕ 750 ಡಾಲರ್. ಅರ್ಜಿಯನ್ನೇ ಹಾಕದಿದ್ದರೆ ಕಾಯಂ ನಿವಾಸದ ಹಕ್ಕು ತಾನಾಗಿ ಹೋಗುತ್ತದೆ.

ನನ್ನದು ಅಮೆರಿಕದ ವಕೀಲಿ ವೃತ್ತಿಯಲ್ಲ. ಅಲ್ಲಿ ಈ ವಿಷಯದಲ್ಲಿ ಕಾನೂನು ಸಲಹೆ ಕೊಡಲು ಪರವಾನಗಿ ಇರುವ ವಕೀಲರಿಗೆ ಮತ್ತು ಸರ್ಕಾರ ಮಾನ್ಯ ಮಾಡಿದ ಪ್ರತಿನಿಧಿಗಳಿಗೆ ಮಾತ್ರ ಅಧಿಕಾರ. ಕಾಗದ ಜೋಡಿಸುವ ಕೆಲಸದಲ್ಲಿ ಕಂಡುಕೊಂಡದ್ದನ್ನಷ್ಟೇ ಇಲ್ಲಿ ಬರೆಯುತ್ತಿದ್ದೇನೆ.

1. ಮೊದಲು ಕಾರ್ಡ್ ನೋಡಿ

ಎಲ್ಲರಿಗೂ ಈ ಅರ್ಜಿ ಬೇಕಿಲ್ಲ. ಗಂಡನ ಎಚ್-1ಬಿ ಕೆಲಸದ ವೀಸಾ ಮೇಲೆ ಎಚ್-4 ಅವಲಂಬಿತ ವೀಸಾದಲ್ಲಿ ಹೋದವರಿಗೂ, ಕಂಪನಿ ಮೂಲಕ ಗಂಡನ ಜೊತೆಗೇ ಗ್ರೀನ್ ಕಾರ್ಡ್ ಪಡೆದವರಿಗೂ ಇದು ಸಂಬಂಧಿಸಿದ್ದಲ್ಲ. ಪೌರರ ಸಂಗಾತಿಯ ಕಾರ್ಡಿನಲ್ಲಿ ಸಿಆರ್-1 ಅಥವಾ ಸಿಆರ್-6 ಎಂದಿದ್ದರೆ ಷರತ್ತು ಇದೆ. ಐಆರ್-1 ಎಂದಿದ್ದರೆ ಇಲ್ಲ, ಅದು ಹತ್ತು ವರ್ಷದ ಕಾರ್ಡ್. ವಲಸೆ ವೀಸಾದಲ್ಲಿ ಹೋದವರಿಗೆ ಲೆಕ್ಕಕ್ಕೆ ಬರುವುದು ಅಮೆರಿಕದಲ್ಲಿ ಇಳಿದ ದಿನ. ವೀಸಾದಲ್ಲಿ ಸಿಆರ್-1 ಎಂದಿದ್ದರೂ ಎರಡನೇ ವಾರ್ಷಿಕೋತ್ಸವ ಕಳೆದ ಮೇಲೆ ಇಳಿದವರಿಗೆ ಹತ್ತು ವರ್ಷದ ಕಾರ್ಡೇ ಸಿಗಬೇಕು. ಇದನ್ನು ಇಳಿಯುವ ದಿನವೇ ವಿಮಾನ ನಿಲ್ದಾಣದ ಅಧಿಕಾರಿಗೆ ತೋರಿಸಿ ಸರಿಮಾಡಿಸಿಕೊಳ್ಳುವುದು ಒಳ್ಳೆಯದು.

2. ಮದುವೆ ನಡೆದಿದೆ ಎಂಬುದು ಅವರಿಗೆ ಗೊತ್ತು

ಊರಿನಿಂದ ಬರುವ ಕಾಗದಗಳಲ್ಲಿ ಬಹುಪಾಲು ಮದುವೆಯ ದಿನದವು. ಲಗ್ನಪತ್ರಿಕೆ, ಕಲ್ಯಾಣ ಮಂಟಪದ ರಸೀದಿ, ಮುಯ್ಯಿ ಬರೆದ ಪುಸ್ತಕ, ನಿಶ್ಚಿತಾರ್ಥದಿಂದ ಬೀಗರ ಊಟದವರೆಗಿನ ಆಲ್ಬಮ್. ಹೆತ್ತವರ ಮನಸ್ಸು ಅರ್ಥವಾಗುತ್ತದೆ. ಸಾವಿರ ಜನರ ಎದುರು ಧಾರೆ ಎರೆದುಕೊಟ್ಟ ಮದುವೆಯನ್ನು ಯಾರಾದರೂ ಸುಳ್ಳು ಅಂದಾರೆಯೇ ಎಂಬುದು ಅವರ ನಂಬಿಕೆ.

ಆದರೆ ಆ ಕಾಗದಗಳನ್ನು ಅಮೆರಿಕ ಒಮ್ಮೆ ನೋಡಿ ಒಪ್ಪಿದೆ. ಸಬ್ ರಿಜಿಸ್ಟ್ರಾರ್ ಕಚೇರಿಯ ವಿವಾಹ ನೋಂದಣಿ ಪತ್ರ, ಮದುವೆಯ ಫೋಟೋ ಎಲ್ಲವೂ ಮುಂಬೈ ಕಾನ್ಸುಲೇಟಿನ ಸಂದರ್ಶನದ ಹೊತ್ತಿಗೇ ಅವರ ಕೈ ಸೇರಿವೆ. ಐ-751ರಲ್ಲಿ ಅಧಿಕಾರಿ ತೂಗುವ ಪ್ರಶ್ನೆ ಬೇರೆ. ಈ ಇಬ್ಬರು ಕೂಡಿ ಬಾಳಬೇಕೆಂದೇ ಮದುವೆಯಾದರೋ, ಬರೀ ವಲಸೆಯ ಲಾಭಕ್ಕಾಗಿಯೋ? ಮನಸ್ಸಿನೊಳಗಿನ ಉದ್ದೇಶಕ್ಕೆ ನೇರ ಸಾಕ್ಷಿ ಸಿಗದು. ಹಾಗಾಗಿ ಆಮೇಲೆ ಹೇಗೆ ಬಾಳಿದರು ಎಂಬುದರಿಂದ ಅದನ್ನು ಊಹಿಸುತ್ತಾರೆ. ಅವರ ನಿಯಮವೇ ಪಟ್ಟಿ ಕೊಟ್ಟಿದೆ: ಇಬ್ಬರ ಹೆಸರಿನ ಆಸ್ತಿ, ಇಬ್ಬರ ಹೆಸರಿನ ಬಾಡಿಗೆ ಕರಾರು, ಕೂಡಿದ ಹಣಕಾಸು, ಮಕ್ಕಳ ಜನನ ಪತ್ರ, ಬಲ್ಲವರ ಅಫಿಡವಿಟ್, ಬೇರೆ ಏನೇ ಸೂಕ್ತ ದಾಖಲೆ. ಈ ಪಟ್ಟಿಯಲ್ಲಿ ಲಗ್ನಪತ್ರಿಕೆಯ ಹೆಸರಿಲ್ಲ.

ಫೈಲಿನಲ್ಲಿ ವಿವಾಹ ನೋಂದಣಿ ಪತ್ರದ ಒಂದು ಪ್ರತಿ, ಮದುವೆಯ ಒಂದೆರಡು ಫೋಟೋ ಇರಲಿ. ಉಳಿದ ಜಾಗವನ್ನು ಕಾರ್ಡ್ ಸಿಕ್ಕ ದಿನದಿಂದ ಅರ್ಜಿ ಹಾಕುವ ದಿನದವರೆಗಿನ ಸಂಸಾರಕ್ಕೆ ಬಿಡಿ.

3. ದಪ್ಪ ಮುಖ್ಯವಲ್ಲ, ಹರವು ಮುಖ್ಯ

ಇಷ್ಟೇ ಹಾಳೆ ಕೊಡಬೇಕೆಂದು ಎಲ್ಲೂ ನಿಯಮವಿಲ್ಲ. ಕ್ರಿಮಿನಲ್ ಕೇಸಿನಂತೆ ಸಂಶಯಕ್ಕೆ ಎಡೆಯೇ ಇಲ್ಲದಂತೆ ರುಜುವಾತು ಮಾಡಬೇಕಾಗಿಯೂ ಇಲ್ಲ. ಹೇಳಿದ್ದು ಸುಳ್ಳಾಗಿರುವುದಕ್ಕಿಂತ ನಿಜವಾಗಿರುವ ಸಾಧ್ಯತೆಯೇ ಹೆಚ್ಚು ಎಂದು ಅಧಿಕಾರಿಗೆ ಮನವರಿಕೆಯಾದರೆ ಸಾಕು.

ಚನ್ನಗಿರಿಯ ಅಡಿಕೆ ಮಂಡಿಯಲ್ಲಿ ವ್ಯಾಪಾರಿ ಇಡೀ ಚೀಲ ಸುರಿಯುವುದಿಲ್ಲ. ಮೇಲಿನಿಂದ, ನಡುವಿನಿಂದ, ತಳದಿಂದ ಒಂದೊಂದು ಹಿಡಿ ತೆಗೆದು ನೋಡುತ್ತಾನೆ. ಅಧಿಕಾರಿ ಫೈಲ್ ನೋಡುವುದೂ ಹೀಗೆಯೇ. ಎರಡು ವರ್ಷದ ಆರಂಭದಲ್ಲಿ ಏನಿದೆ, ನಡುವೆ ಏನಿದೆ, ಈಚೆಗೆ ಏನಿದೆ ಎಂದು ನೋಡುತ್ತಾರೆ. ನಾನು ಕಂಡ ಬಡಕಲು ಫೈಲುಗಳಲ್ಲಿ ಬಹಳಷ್ಟು ದಪ್ಪನೆಯವೇ ಆಗಿದ್ದವು. ಜಾಯಿಂಟ್ ಅಕೌಂಟಿನ ನೂರಾರು ಪುಟ ಸ್ಟೇಟ್‌ಮೆಂಟ್ ಇರುತ್ತದೆ. ಬಿಚ್ಚಿ ನೋಡಿದರೆ ಅಕೌಂಟ್ ತೆರೆದದ್ದೇ ಅರ್ಜಿಗೆ ಮೂರು ತಿಂಗಳು ಮುಂಚೆ. ಬಾಡಿಗೆ ಕರಾರಿಗೆ ಹೆಂಡತಿಯ ಹೆಸರು ಸೇರಿದ್ದೂ ಅದೇ ತಿಂಗಳು, ವಿಮೆಯಲ್ಲಿ ನಾಮಿನಿ ಬದಲಿಸಿದ್ದೂ ಅದೇ ತಿಂಗಳು. ಎಲ್ಲವೂ ಕಾನೂನುಬದ್ಧ, ಎಲ್ಲವೂ ನಿಜ. ಆದರೂ ಓದುವವರಿಗೆ ಇದು ಅರ್ಜಿಗಾಗಿ ಮಾಡಿದ್ದು ಅನಿಸುತ್ತದೆ.

ನಾನು ಹೇಳುವ ಅಳತೆ ಹೀಗಿದೆ. ವಾಸದ ಪ್ರತಿ ವರ್ಷದ ಬಾಡಿಗೆ ಕರಾರು, ಇಲ್ಲವೇ ಮನೆ ಸಾಲದ ಕಾಗದ. ಎರಡೂ ವರ್ಷದ ತೆರಿಗೆ ರಿಟರ್ನಿನ ಟ್ರಾನ್ಸ್‌ಕ್ರಿಪ್ಟ್. ಜಾಯಿಂಟ್ ಅಕೌಂಟಿನ ಸ್ಟೇಟ್‌ಮೆಂಟ್ ಮೂರು ತಿಂಗಳಿಗೊಂದರಂತೆ. ಆರೋಗ್ಯ, ಕಾರು, ಜೀವ ವಿಮೆಗಳ ಮುಖಪುಟಗಳು. ಕರೆಂಟು, ಇಂಟರ್‌ನೆಟ್, ಫೋನಿನ ಬಿಲ್ಲುಗಳು ಮೂರು ತಿಂಗಳಿಗೊಂದು. ಮಗುವಿದ್ದರೆ ಅದರ ಜನನ ಪತ್ರ. ಇಬ್ಬರು ಮೂವರ ಅಫಿಡವಿಟ್. ಆಯ್ದ ಕೆಲವು ಫೋಟೋ. ಒಟ್ಟು 100ರಿಂದ 150 ಹಾಳೆಯೊಳಗೆ ಮುಗಿಯುತ್ತದೆ. ಇದು ನನ್ನ ಅಂದಾಜು, ಇಲಾಖೆಯ ನಿಯಮವಲ್ಲ. ಕಾರ್ಡ್ ಕೈಗೆ ಬಂದ ವಾರವೇ ಒಂದು ಫೋಲ್ಡರ್ ಮಾಡಿ ತಿಂಗಳಿಗೊಂದು ಕಾಗದ ಹಾಕುತ್ತ ಬಂದವರಿಗೆ ಇದು ಕಷ್ಟದ ಕೆಲಸವೇ ಅಲ್ಲ.

4. ಹೆಸರು ಇದ್ದರೆ ಸಾಲದು, ಬಳಕೆ ಕಾಣಬೇಕು

ಜಾಯಿಂಟ್ ಅಕೌಂಟಿನಲ್ಲಿ ಇಬ್ಬರ ಹೆಸರಿರುತ್ತದೆ, ಐನೂರು ಡಾಲರ್ ಬಿದ್ದಿರುತ್ತದೆ, ಎರಡು ವರ್ಷ ಅದು ಅಲುಗಾಡಿರುವುದಿಲ್ಲ. ಇಂಥ ಅಕೌಂಟಿಗೆ ತೂಕ ಕಡಿಮೆ. ಸಂಬಳ ಬಂದು ಬೀಳುವ, ಬಾಡಿಗೆ ಹೋಗುವ, ಇಬ್ಬರೂ ದಿನಸಿಗೆ ಕಾರ್ಡ್ ಉಜ್ಜುವ ಅಕೌಂಟಿನ ಒಂದು ತಿಂಗಳ ಪುಟ ಅಂಥ ಹತ್ತು ಅಕೌಂಟುಗಳಿಗಿಂತ ಹೆಚ್ಚು ಹೇಳುತ್ತದೆ. ತೆರಿಗೆಯಲ್ಲಿ ಮದುವೆಯಾದವರು "ಸಿಂಗಲ್" ಎಂದು ಹಾಕುವಂತಿಲ್ಲ. ಇಬ್ಬರೂ ಕೂಡಿ ಸಲ್ಲಿಸಿದ ರಿಟರ್ನ್ ಗಟ್ಟಿ ಸಾಕ್ಷಿ. ಬೇರೆ ಬೇರೆ ಸಲ್ಲಿಸಿದ್ದರೆ ಏಕೆಂದು ಎರಡು ಸಾಲು ಬರೆದಿಡಬೇಕು.

ನಮ್ಮ ಕಡೆಯ ಹುಡುಗರು ಮದುವೆಗೆ ಮುಂಚೆಯೇ ಇದ್ದ ಅಪಾರ್ಟ್‌ಮೆಂಟಿನ ಕರಾರನ್ನು ಹಾಗೇ ಮುಂದುವರಿಸಿಕೊಂಡು ಹೋಗುತ್ತಾರೆ. ಅಪಾರ್ಟ್‌ಮೆಂಟಿನ ಕಚೇರಿಗೆ ಹೋಗಿ ಹೆಂಡತಿಯ ಹೆಸರು ಸೇರಿಸಿ ಎಂದು ಹೇಳುವುದು ಹತ್ತು ನಿಮಿಷದ ಕೆಲಸ. ಮೊದಲ ತಿಂಗಳಲ್ಲೇ ಮಾಡಿಸಿ ಎಂದು ನಾನು ಮದುಮಕ್ಕಳಿಗೆ ಹೇಳುತ್ತಲೇ ಇರುತ್ತೇನೆ. ಅದು ಅರ್ಜಿಗಷ್ಟೇ ಅಲ್ಲ. ಕರಾರಿನಲ್ಲಿ ಹೆಸರಿದ್ದರೆ ಆ ಮನೆಯಲ್ಲಿ ಆಕೆಗೂ ಹಕ್ಕಿರುತ್ತದೆ.

5. ಪಹಣಿ ಬೇಡ

ಮಾವನ ಹೆಸರಿನ ಅಡಿಕೆ ತೋಟದ ಪಹಣಿ, ಮನೆಯ ಖಾತೆ, ವಂಶವೃಕ್ಷ ತಂದು ಕೊಡುವವರಿದ್ದಾರೆ. ಮನೆತನ ಗಟ್ಟಿ ಎಂದು ತೋರಿಸುವುದು ಅವರ ಉದ್ದೇಶ. ಗಂಡ ಸಾಕಬಲ್ಲನೇ ಎಂಬ ವಿಚಾರಣೆ ವೀಸಾ ಹಂತದಲ್ಲೇ ಮುಗಿದಿದೆ. ಅಪ್ಪನ ಹೆಸರಿನ, ಇನ್ನೂ ಪಾಲಾಗದ ಜಮೀನು ದಂಪತಿಯ ಕೂಡು ಹಣಕಾಸಿಗೆ ಸಾಕ್ಷಿಯಾಗದು. "ಈಗಲೇ ಇಬ್ಬರ ಹೆಸರಿಗೆ ಎರಡೆಕರೆ ಕೊಂಡುಬಿಡಾಣ" ಎಂದವರೂ ಇದ್ದಾರೆ. ಅನಿವಾಸಿ ಭಾರತೀಯರು ಕೃಷಿ ಜಮೀನು, ತೋಟ, ಫಾರ್ಮ್‌ಹೌಸ್ ಖರೀದಿಸುವುದಕ್ಕೆ ನಮ್ಮ ವಿದೇಶಿ ವಿನಿಮಯ ನಿಯಮದಲ್ಲೇ ಅವಕಾಶವಿಲ್ಲ. ಹಿರಿಯರಿಂದ ಬಂದದ್ದನ್ನು ಇಟ್ಟುಕೊಳ್ಳಬಹುದು, ಅಷ್ಟೆ.

ಊರಿನಿಂದ ನಿಜಕ್ಕೂ ಉಪಯೋಗವಾಗುವುದು ಕೆಲವೇ. ದಾವಣಗೆರೆಯಲ್ಲಿ ಇಬ್ಬರ ಹೆಸರಿಗೆ ನೋಂದಣಿಯಾದ ಸೈಟಿನ ಕ್ರಯಪತ್ರ, ಇಬ್ಬರ ಹೆಸರಿನ ಎನ್‌ಆರ್‌ಇ ಖಾತೆ, ಒಬ್ಬರಿಗೊಬ್ಬರು ನಾಮಿನಿಯಾಗಿರುವ ಎಲ್‌ಐಸಿ ಪಾಲಿಸಿ, ಜೊತೆಯಾಗಿ ಊರಿಗೆ ಬಂದ ವಿಮಾನ ಟಿಕೆಟ್. ಇವೂ ಅಮೆರಿಕದ ದಾಖಲೆಗಳಿಗೆ ಪೂರಕವಾಗಿ ಬರಬೇಕೇ ಹೊರತು ಅವುಗಳ ಬದಲಿಗಲ್ಲ.

6. ಬಾಣಂತನಕ್ಕೆ ಹೋದ ತಾಯಿಗಿಂತ ಒಳ್ಳೆಯ ಸಾಕ್ಷಿ ಇಲ್ಲ

ಅಫಿಡವಿಟ್ ವಿಷಯದಲ್ಲಿ ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ನಮ್ಮ ಕಡೆಯ ಕುಟುಂಬಗಳು ಅತಿ ಹೆಚ್ಚು ಕೊಡಬಲ್ಲದ್ದೂ ಅತಿ ಹೆಚ್ಚು ಕೆಡಿಸುವುದೂ ಇದನ್ನೇ.

ಅರ್ಜಿಯ ಸೂಚನೆಯ ಪ್ರಕಾರ ಅಫಿಡವಿಟ್ ಕೊಡುವುದಾದರೆ ಕನಿಷ್ಠ ಇಬ್ಬರದು ಬೇಕು. ಅವರು ಷರತ್ತಿನ ಕಾರ್ಡ್ ಸಿಕ್ಕಂದಿನಿಂದ ಗಂಡ ಹೆಂಡತಿ ಇಬ್ಬರನ್ನೂ ಬಲ್ಲವರಾಗಿರಬೇಕು. ತಮ್ಮ ಪೂರ್ಣ ಹೆಸರು, ವಿಳಾಸ, ಹುಟ್ಟಿದ ದಿನ ಮತ್ತು ಊರು, ದಂಪತಿಗೆ ತಾವೇನಾಗಬೇಕು, ಹೇಳುತ್ತಿರುವುದು ತಮಗೆ ಹೇಗೆ ತಿಳಿಯಿತು ಎಂಬುದನ್ನು ಬರೆಯಬೇಕು. ಬರೀ ಅಫಿಡವಿಟ್‌ಗಳ ಮೇಲೆ ಅರ್ಜಿ ನಿಲ್ಲುವುದಿಲ್ಲ, ಬೇರೆ ದಾಖಲೆಗಳ ಆಸರೆ ಇರಲೇಬೇಕು.

ಈಗ ಊರಲ್ಲಿ ಆಗುವುದೇನು? ಒಂದೇ ಒಕ್ಕಣೆಯನ್ನು ಎಂಟು ಪ್ರತಿ ತೆಗೆದು, ಹೆಸರು ಮಾತ್ರ ಬದಲಿಸಿ, ದೊಡ್ಡಪ್ಪ, ಸೋದರಮಾವ, ಪಕ್ಕದ ಮನೆಯವರು, ಊರಿನ ಹಿರಿಯರು ಎಲ್ಲರಿಂದ ಸಹಿ ಹಾಕಿಸುತ್ತಾರೆ. "ಇವರಿಬ್ಬರೂ ಅನ್ಯೋನ್ಯವಾಗಿ ಸಂಸಾರ ಮಾಡಿಕೊಂಡು ಹೋಗುತ್ತಿದ್ದಾರೆ." ಅಮೆರಿಕವನ್ನೇ ನೋಡದವರು ಇದನ್ನು ಹೇಗೆ ಬಲ್ಲರು? ಛಾಪಾ ಕಾಗದದಿಂದ, ನೋಟರಿಯ ಕೆಂಪು ಸೀಲಿನಿಂದ ತೂಕ ಬರುವುದಿಲ್ಲ. ಕಣ್ಣಾರೆ ಕಂಡದ್ದನ್ನು ಹೇಳಿದಾಗ ಬರುತ್ತದೆ.

ಮಗಳ ಬಾಣಂತನಕ್ಕೆಂದು ಹೋಗಿ ಆರು ತಿಂಗಳು ಅಲ್ಲಿದ್ದು ಬಂದ ತಾಯಿ ಕಂಡಿರುವುದು ಬೇರೆಯೇ. ಅಳಿಯ ರಾತ್ರಿ ಎದ್ದು ಮಗು ಎತ್ತಿಕೊಂಡದ್ದು, ಆಸ್ಪತ್ರೆಗೆ ಕಾರು ಓಡಿಸಿಕೊಂಡು ಹೋದದ್ದು, ಶನಿವಾರ ಇಬ್ಬರೂ ಕೂಡಿ ಸಾಮಾನು ತಂದದ್ದು, ತೊಟ್ಟಿಲಿಗೆ ಹಾಕಿದ ದಿನ ಯಾರ್ಯಾರು ಬಂದಿದ್ದರು ಎಂಬುದು. ಇದೆಲ್ಲ ಆಕೆಗೆ ಬಾಯಿಗೆ ಬರುತ್ತದೆ. ಇಂಥ ತಾಯಂದಿರನ್ನು ಕೂರಿಸಿಕೊಂಡು ಕೇಳಿದಾಗ "ಇಂಥದ್ನೆಲ್ಲ ಬರೀತಾರೇನ್ರಿ?" ಎಂದು ಸಂಕೋಚಪಡುತ್ತಾರೆ. ಬರೆಯಬೇಕಾದದ್ದು ಅದನ್ನೇ. ಹೋದ ದಿನ, ಬಂದ ದಿನವನ್ನು ಅವರ ಪಾಸ್‌ಪೋರ್ಟಿನ ಮುದ್ರೆಗೆ ತಾಳೆ ಹಾಕಿ, ಆ ಪುಟದ ಪ್ರತಿಯನ್ನೂ ಲಗತ್ತಿಸಿದರೆ ಆ ಒಂದು ಅಫಿಡವಿಟ್ ಸಾಲು ಸಾಲು ಸಹಿಗಳಿಗಿಂತ ಹೆಚ್ಚಿನದು.

ಇಂಗ್ಲಿಷ್ ಬಾರದ ತಾಯಿಯಿಂದ ಇಂಗ್ಲಿಷಿನಲ್ಲಿ ಬರೆದ ಕಾಗದಕ್ಕೆ ಸಹಿ ಮಾಡಿಸಬೇಡಿ. ಆಕೆ ಹೇಳಿದ್ದನ್ನು ಆಕೆಯ ಕನ್ನಡದಲ್ಲೇ ಬರೆದು, ಓದಿ ಹೇಳಿ, ಸಹಿಯೋ ಹೆಬ್ಬೆಟ್ಟೋ ಪಡೆದು, ಜೊತೆಗೆ ಅನುವಾದ ಇಡಿ. ಕನ್ನಡದ ಯಾವ ದಾಖಲೆಗೂ ಪೂರ್ತಿ ಇಂಗ್ಲಿಷ್ ಅನುವಾದ ಬೇಕು. ಅನುವಾದ ಸಂಪೂರ್ಣವಾಗಿದೆ, ನಿಖರವಾಗಿದೆ, ತನಗೆ ಎರಡೂ ಭಾಷೆ ಬರುತ್ತದೆ ಎಂದು ಅನುವಾದಕರು ಸಹಿ ಮಾಡಿ ದೃಢೀಕರಿಸಬೇಕು. ಅದಕ್ಕೆ ನೋಟರಿ ಬೇಕಿಲ್ಲ. ಇನ್ನೊಂದು ಮಾತು: ವಾಟ್ಸ್ಆ್ಯಪ್‌ನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡವೂ ಕನ್ನಡವೇ. ಅನುವಾದವಿಲ್ಲದ ಚಾಟ್ ಇನ್ನೂರು ಪುಟ ಕಳಿಸಿದರೂ ಓದುವವರಿಗೆ ಅದು ಖಾಲಿ ಹಾಳೆ. ಬೇರೆ ಬೇರೆ ತಿಂಗಳ ನಾಲ್ಕಾರು ಪುಟ ಆಯ್ದು ಅನುವಾದಿಸಿ ಕೊಟ್ಟರೆ ಸಾಕು. ಬೇರೆ ಸಾಕ್ಷಿ ಚೆನ್ನಾಗಿದ್ದರೆ ಅದೂ ಬೇಡ.

7. ಹೆಸರು ಮತ್ತು ಜಿಲ್ಲೆ

ದಾವಣಗೆರೆ ಜಿಲ್ಲೆ ಆದದ್ದು 1997ರ ಆಗಸ್ಟ್ 15ರಂದು. ಅದಕ್ಕೆ ಮುಂಚೆ ಹುಟ್ಟಿದ ಚನ್ನಗಿರಿ, ಹೊನ್ನಾಳಿಯವರ ಜನನ ಪತ್ರದಲ್ಲಿ ಶಿವಮೊಗ್ಗ ಜಿಲ್ಲೆ ಎಂದಿರುತ್ತದೆ. ಜಗಳೂರಿನವರದರಲ್ಲಿ ಚಿತ್ರದುರ್ಗ ಜಿಲ್ಲೆ. ನ್ಯಾಮತಿ ಈಚೆಗಷ್ಟೇ ಹೊನ್ನಾಳಿಯಿಂದ ಬೇರೆಯಾಗಿ ತಾಲ್ಲೂಕಾದದ್ದು. ಹಾಗಾಗಿ ಅಲ್ಲಿನ ಹುಡುಗಿಯ ಹಳೆಯ ಕಾಗದದಲ್ಲಿ ಹೊನ್ನಾಳಿ ತಾಲ್ಲೂಕು, ಶಿವಮೊಗ್ಗ ಜಿಲ್ಲೆ, ಹೊಸದರಲ್ಲಿ ನ್ಯಾಮತಿ ತಾಲ್ಲೂಕು, ದಾವಣಗೆರೆ ಜಿಲ್ಲೆ. ಶಿವಮೊಗ್ಗದ ಇಂಗ್ಲಿಷ್ ಸ್ಪೆಲ್ಲಿಂಗ್ ಕೂಡ 2014ರ ನವೆಂಬರ್ 1ರಿಂದ ಬದಲಾಗಿದೆ. ನಮಗೆ ಇದು ಸಹಜ. ಸಾವಿರಾರು ಮೈಲಿ ಆಚೆ ಕೂತ ಅಧಿಕಾರಿಗೆ ಒಬ್ಬಳೇ ಹೆಣ್ಣುಮಗಳು ಎರಡು ಜಿಲ್ಲೆಯಲ್ಲಿ ಹುಟ್ಟಿದಂತೆ ಕಾಣುತ್ತದೆ. ಅನುವಾದದ ಕೆಳಗೆ ಜಿಲ್ಲೆ ಬದಲಾದ ವರ್ಷ ತಿಳಿಸುವ ಒಂದು ಟಿಪ್ಪಣಿ ಹಾಕಿದರೆ ಗೊಂದಲ ಅಲ್ಲೇ ಮುಗಿಯುತ್ತದೆ.

ಹೆಸರಿನದು ಇದಕ್ಕಿಂತ ದೊಡ್ಡ ತೊಡಕು. ಶಾಲೆಯ ದಾಖಲೆಯಲ್ಲಿ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರು, ಅಮೆರಿಕದ ಬ್ಯಾಂಕಿನಲ್ಲಿ ಗಂಡನ ಹೆಸರು. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಬಿಟ್ಟಿದ್ದರೆ ವೀಸಾದಲ್ಲಿ ಇರುವ ಒಂದೇ ಹೆಸರು ಸರ್‌ನೇಮ್ ಆಗಿ, ಹೆಸರಿನ ಜಾಗದಲ್ಲಿ ಎಫ್‌ಎನ್‌ಯು (ಮೊದಲ ಹೆಸರು ಗೊತ್ತಿಲ್ಲ) ಎಂಬ ಮೂರಕ್ಷರ ಕೂರುತ್ತದೆ. ಮುಂದೆ ಕರೆಂಟು ಬಿಲ್ಲಿನಲ್ಲೂ ಅದೇ. ಅರ್ಜಿಯಲ್ಲಿ ಇದುವರೆಗೆ ಬಳಸಿದ ಎಲ್ಲ ಹೆಸರನ್ನೂ ಬರೆಯಲು ಜಾಗವಿದೆ. ಅಲ್ಲಿ ಒಂದನ್ನೂ ಬಿಡದೆ ಬರೆಯಿರಿ. ಈ ಎಲ್ಲ ಹೆಸರೂ ಒಬ್ಬರದೇ ಎಂಬ ವಿವರಣೆ ಫೈಲಿನ ಮೇಲಿಡುವ ಮುಖಪತ್ರದಲ್ಲೂ ಇರಲಿ.

8. ಖಾಲಿ ತಿಂಗಳುಗಳನ್ನು ಬಚ್ಚಿಡಬೇಡಿ

ಅತ್ತೆಗೆ ಹುಷಾರಿಲ್ಲವೆಂದು ಸೊಸೆ ಏಳೆಂಟು ತಿಂಗಳು ಹೊನ್ನಾಳಿಯಲ್ಲೇ ಉಳಿದಿರುತ್ತಾಳೆ. ಅಥವಾ ಗಂಡನಿಗೆ ಡಾಲಸ್‌ನಲ್ಲಿ ಕೆಲಸ, ಹೆಂಡತಿಗೆ ನ್ಯೂಜೆರ್ಸಿಯಲ್ಲಿ. ಇಂಥ ಅಗಲಿಕೆ ತಪ್ಪಲ್ಲ, ಹುಸಿ ಮದುವೆಯ ಗುರುತೂ ಅಲ್ಲ. ಆದರೆ ಕಾಗದಗಳಲ್ಲಿ ವಿಳಾಸ ಬೇರೆ ಬೇರೆ ಕಂಡು, ಎಲ್ಲೂ ವಿವರಣೆ ಇಲ್ಲದಿದ್ದರೆ ಅನುಮಾನ ಹುಟ್ಟುತ್ತದೆ. ಆಸ್ಪತ್ರೆಯ ಡಿಸ್ಚಾರ್ಜ್ ಸಾರಾಂಶ, ಕೆಲಸದ ಆಫರ್ ಪತ್ರ, ವಾರಾಂತ್ಯ ಹೋಗಿಬಂದ ಟಿಕೆಟ್‌ಗಳು, ಆ ತಿಂಗಳುಗಳ ಹಣದ ವರ್ಗಾವಣೆ, ಇವನ್ನು ಜೋಡಿಸಿ ಕಾರಣವನ್ನು ನೇರವಾಗಿ ಹೇಳಬೇಕು. ದೀರ್ಘ ಕಾಲ ಊರಲ್ಲಿರಬೇಕಾದವರು ಇನ್ನೊಂದು ಗಮನಿಸಬೇಕು: ಒಂದು ವರ್ಷ ಅಥವಾ ಹೆಚ್ಚು ಹೊರಗಿರುವುದಾದರೆ ಹೊರಡುವ ಮುನ್ನವೇ ರೀ-ಎಂಟ್ರಿ ಪರ್ಮಿಟ್‌ಗೆ ಅರ್ಜಿ ಹಾಕಿರಬೇಕು.

9. ಗಂಡ ಸಹಿ ಹಾಕದಿದ್ದರೂ ದಾರಿ ಇದೆ

ಇದನ್ನು ಪ್ರತಿಯೊಂದು ಮನೆಯ ತಾಯಿ ತಂದೆಯೂ ತಿಳಿದಿರಬೇಕು. "ಅವನು ಸಹಿ ಹಾಕದಿದ್ರೆ ನಮ್ಮ ಹುಡುಗಿ ವಾಪಸ್ ಬರಬೇಕಾಗುತ್ತೆ, ಹೊಂದಿಕೊಂಡು ಹೋಗು ಅಂತ ಹೇಳಿದೀವಿ" ಎಂಬ ಮಾತು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಹೊಡೆತ ತಿನ್ನುತ್ತಿರುವ ಮಗಳಿಗೆ ಹೀಗೆ ಹೇಳಿಸುವುದು ಕಾನೂನಲ್ಲ, ಕಾನೂನು ಗೊತ್ತಿಲ್ಲದಿರುವುದು.

ಜಂಟಿ ಸಹಿಯ ನಿಯಮಕ್ಕೆ ವಿನಾಯಿತಿಗಳಿವೆ. ಒಳ್ಳೆಯ ಉದ್ದೇಶದಿಂದಲೇ ಮದುವೆಯಾಗಿ ಅದು ವಿಚ್ಛೇದನದಲ್ಲಿ ಮುಗಿದಿದ್ದರೆ, ಸಂಗಾತಿ ತೀರಿಕೊಂಡಿದ್ದರೆ, ಹೊಡೆತ ಬಡಿತ ಅಥವಾ ತೀವ್ರ ಕ್ರೌರ್ಯ ಅನುಭವಿಸಿದ್ದರೆ, ದೇಶದಿಂದ ಕಳಿಸಿದರೆ ಅತೀವ ಕಷ್ಟವಾಗುವಂತಿದ್ದರೆ, ಒಬ್ಬರೇ ಅರ್ಜಿ ಹಾಕಬಹುದು. 90 ದಿನದ ಕಿಟಕಿಗೆ ಕಾಯಬೇಕಿಲ್ಲ. ಹಿಂಸೆಯ ಆಧಾರದ ಅರ್ಜಿಯ ವಿವರವನ್ನು ಇಲಾಖೆ ಗಂಡನಿಗೆ ಹೇಳುವಂತಿಲ್ಲ, ಗೋಪ್ಯತೆಗೆ ಅಲ್ಲಿ ಪ್ರತ್ಯೇಕ ಕಾನೂನೇ ಇದೆ. ಜಂಟಿಯಾಗಿ ಅರ್ಜಿ ಹಾಕಿದ ಮೇಲೆ ವಿಚ್ಛೇದನವಾದರೂ ಅದನ್ನು ವಿನಾಯಿತಿಯ ಅರ್ಜಿಯಾಗಿ ಪರಿಗಣಿಸಲು ಕೇಳಬಹುದು.

ಹಿಂಸೆ ಅನುಭವಿಸಿದ ಹೆಣ್ಣುಮಗಳ ಕೈಯಲ್ಲಿ ಕಾಗದ ಕಡಿಮೆ ಇರುತ್ತದೆ. ಬ್ಯಾಂಕು ಅವನದು, ಮನೆ ಅವನ ಹೆಸರಿನದು, ಪಾಸ್‌ಪೋರ್ಟ್ ಕೂಡ ಅವನ ಬೀರುವಿನಲ್ಲಿ. ಹಾಗಿದ್ದರೂ ದಾಖಲೆ ಸಿಗುತ್ತದೆ: ವೈದ್ಯರ ಚೀಟಿ, ಪೊಲೀಸ್ ವರದಿ, ನ್ಯಾಯಾಲಯದ ರಕ್ಷಣಾ ಆದೇಶ, ಗಾಯದ ಫೋಟೋ, ಆಪ್ತ ಸಮಾಲೋಚಕರ ಪತ್ರ, ನೆರೆಮನೆಯವರ ಹೇಳಿಕೆ. ಅಕ್ಕತಂಗಿಯರಿಗೆ ರಾತ್ರಿ ಕಳಿಸಿದ ಕನ್ನಡದ ಸಂದೇಶಗಳೂ ಇಲ್ಲಿ ಬಹಳ ಬೆಲೆಯುಳ್ಳವು. ಅವನ್ನು ಅಳಿಸಬೇಡಿ, ದಿನಾಂಕ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಡಿ. ಮದುವೆ ಆರಂಭದಲ್ಲಿ ನಿಜವಾಗಿತ್ತು ಎಂಬುದನ್ನೂ ತೋರಿಸಬೇಕಾಗುವುದರಿಂದ, ಮೇಲೆ ಎರಡನೇ ಭಾಗದಲ್ಲಿ ಬೇಡವೆಂದ ಮದುವೆಯ ಆಲ್ಬಮ್, ಲಗ್ನಪತ್ರಿಕೆ, ನಿಶ್ಚಿತಾರ್ಥದ ಮುಂಚಿನ ಮಾತುಕತೆ ಇಲ್ಲಿ ನಿಜಕ್ಕೂ ಕೆಲಸಕ್ಕೆ ಬರುತ್ತವೆ. ನ್ಯೂಜೆರ್ಸಿಯಲ್ಲಿ 1985ರಿಂದ ಮಾನವಿ, ನ್ಯೂಯಾರ್ಕಿನಲ್ಲಿ 1989ರಿಂದ ಸಖಿ, ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ 1991ರಿಂದ ಮೈತ್ರಿ ಎಂಬ ಸಂಸ್ಥೆಗಳು ದಕ್ಷಿಣ ಏಷ್ಯಾದ ಮಹಿಳೆಯರಿಗಾಗಿ ಕೆಲಸ ಮಾಡುತ್ತಿವೆ. ಮಗಳಿಗೆ ಹೊಂದಿಕೊಂಡು ಹೋಗಲು ಹೇಳುವ ಮೊದಲು ಈ ಹೆಸರುಗಳನ್ನು ಹೇಳಿ.

ಇದರ ಇನ್ನೊಂದು ಮುಖವೂ ಇದೆ. ಆಗಲೇ ಬೇರೆಯಾಗಿರುವ ದಂಪತಿಯನ್ನು ಹಿರಿಯರು ಕೂರಿಸಿ "ಕಾರ್ಡ್ ಬರೋತನಕ ಒಟ್ಟಿಗಿದೀವಿ ಅಂತ ಸಹಿ ಹಾಕ್ರಿ" ಎನ್ನುತ್ತಾರೆ. ಸುಳ್ಳು ಹೇಳಿಕೆಗೆ ಸಹಿ ಹಾಕುವುದು ಅಲ್ಲಿ ಅಪರಾಧ. ನಿಜ ಹೇಳಿ ವಿನಾಯಿತಿ ಕೇಳುವ ದಾರಿ ಇರುವಾಗ ಆ ಗಂಡಾಂತರ ಯಾಕೆ? ವಿಚ್ಛೇದನಕ್ಕೂ ನ್ಯಾಯಾಲಯದ ಡಿಕ್ರಿಯನ್ನೇ ಇಡಿ. ಊರ ಪಂಚಾಯ್ತಿಯಲ್ಲಿ ಬರೆದುಕೊಂಡ ಬಿಡುಗಡೆ ಪತ್ರವನ್ನು ನಂಬಿ ಅರ್ಜಿ ಹಾಕಬೇಡಿ.

10. ಫೋಟೋ

ಹದಿನೈದು ಇಪ್ಪತ್ತು ಸಾಕು. ಎರಡು ವರ್ಷದ ಬೇರೆ ಬೇರೆ ಕಾಲದವು, ಬೇರೆ ಬೇರೆ ಜನರ ಜೊತೆಗಿನವು. ಸೂಳೆಕೆರೆಯ ಏರಿಯ ಮೇಲೆ ಅತ್ತೆ ಮಾವನ ಜೊತೆ, ಸಂತೇಬೆನ್ನೂರಿನ ಪುಷ್ಕರಣಿಯ ಮೆಟ್ಟಿಲ ಮೇಲೆ ನಾದಿನಿಯ ಮಕ್ಕಳ ಜೊತೆ, ಅಲ್ಲಿನ ಕನ್ನಡ ಕೂಟದ ಯುಗಾದಿಯಲ್ಲಿ ಗೆಳೆಯರ ಜೊತೆ. ಪ್ರತಿ ಫೋಟೋದ ಕೆಳಗೆ ದಿನಾಂಕ, ಸ್ಥಳ, ಎಡದಿಂದ ಬಲಕ್ಕೆ ಯಾರ್ಯಾರು ಎಂದು ಬರೆಯಿರಿ. ಒಂದು ಹಾಳೆಯಲ್ಲಿ ಎರಡು ಮೂರು ಫೋಟೋ ಮುದ್ರಿಸಬಹುದು. ಮಲಗುವ ಕೋಣೆಯ ಖಾಸಗಿ ಫೋಟೋ ಯಾರೂ ಕೇಳುವುದಿಲ್ಲ, ಕಳಿಸಬೇಡಿ.

11. ಕಟ್ಟುವ ರೀತಿ

ಮೂಲ ಪ್ರತಿ ಕಳಿಸಬೇಡಿ. ಸ್ಪಷ್ಟವಾದ ಜೆರಾಕ್ಸ್ ಸಾಕು, ಮೂಲ ಬೇಕಾದರೆ ಅವರೇ ಕೇಳುತ್ತಾರೆ. ಅಫಿಡವಿಟ್ ಮಾತ್ರ ಸಹಿ ಇರುವ ಮೂಲವೇ ಹೋಗಲಿ. ಕಳಿಸಿದ್ದನ್ನೆಲ್ಲ ಸ್ಕ್ಯಾನ್ ಮಾಡುವುದರಿಂದ ಸ್ಪೈರಲ್ ಬೈಂಡಿಂಗ್, ಲ್ಯಾಮಿನೇಷನ್, ಪ್ಲಾಸ್ಟಿಕ್ ಕವರು, ಪೆನ್‌ಡ್ರೈವ್, ಆಲ್ಬಮ್ ಯಾವುದೂ ಬೇಡ. ಒಂದೇ ಬದಿಗೆ ಮುದ್ರಿಸಿ. ನಮ್ಮ ಎ4 ಮತ್ತು ಉದ್ದನೆಯ ಲೀಗಲ್ ಹಾಳೆಗಳನ್ನು ಅಲ್ಲಿನ ಲೆಟರ್ ಅಳತೆಗೆ ಇಳಿಸಿ ಮುದ್ರಿಸಿದರೆ ಅಂಚಿನ ಸೀಲು, ಸಹಿ ಕತ್ತರಿಸಿಹೋಗುವುದಿಲ್ಲ. ಮೇಲೆ ಎರಡು ಪುಟ ಮೀರದ ಮುಖಪತ್ರ, ಅದರಲ್ಲಿ ಯಾವ ಕಾಗದ ಯಾವ ಪುಟದಲ್ಲಿದೆ, ಯಾವ ತಿಂಗಳಿನದು ಎಂಬ ಪಟ್ಟಿ ಇರಲಿ. ಮುಖಪತ್ರ ಬರೆಯುವಾಗಲೇ ನಿಮ್ಮ ಫೈಲಿನಲ್ಲಿ ಯಾವ ತಿಂಗಳು ಬರಿದಾಗಿದೆ ಎಂದು ಗೊತ್ತಾಗಿಬಿಡುತ್ತದೆ.

12. ಕಳಿಸಿದ ಮೇಲೆ

ಅರ್ಜಿ ತಲುಪಿದ ರಸೀದಿ ಪತ್ರ ಬರುತ್ತದೆ. 2023ರ ಜನವರಿಯಿಂದ ಆ ಪತ್ರ ಕಾರ್ಡಿನ ಅವಧಿಯನ್ನು 48 ತಿಂಗಳು ವಿಸ್ತರಿಸುತ್ತಿದೆ. ಮೊದಲು 24 ತಿಂಗಳಿತ್ತು. ಜಾತ್ರೆಗೋ ತಮ್ಮನ ಮದುವೆಗೋ ಊರಿಗೆ ಬರುವವರು ಅವಧಿ ಮುಗಿದ ಕಾರ್ಡ್ ಮತ್ತು ಆ ಪತ್ರದ ಮೂಲ ಪ್ರತಿ ಎರಡನ್ನೂ ಕೈಚೀಲದಲ್ಲಿ ಇಟ್ಟುಕೊಂಡಿರಬೇಕು. ಬೆಂಗಳೂರಿನಿಂದ ವಾಪಸ್ ಹತ್ತುವಾಗ ವಿಮಾನ ಕಂಪನಿಯವರು ಕೇಳುವುದು ಅದನ್ನೇ.

ಸಾಕ್ಷಿ ಸಾಲದೆ ಹೋದರೆ ಇನ್ನಷ್ಟು ಕೇಳಿ ಪತ್ರ ಬರಬಹುದು. ಉತ್ತರಕ್ಕೆ 12 ವಾರ ಮೀರದ ಗಡುವು. ಉತ್ತರ ಒಂದೇ ಸಲ, ಇರುವುದೆಲ್ಲವನ್ನೂ ಒಟ್ಟಿಗೆ ಕಳಿಸಬೇಕು, ಕಂತಿನಲ್ಲಿ ಕಳಿಸುವಂತಿಲ್ಲ. ಚನ್ನಗಿರಿಯಿಂದ ಅಫಿಡವಿಟ್ ಹೊರಟು, ಕೊರಿಯರ್‌ನಲ್ಲಿ ಮುಟ್ಟಿ, ಅಲ್ಲಿಂದ ಇಲಾಖೆಗೆ ಹೋಗುವ ಸಮಯವನ್ನು ಮೊದಲೇ ಲೆಕ್ಕ ಹಾಕಿ. ಕೆಲವರನ್ನು ಸಂದರ್ಶನಕ್ಕೂ ಕರೆಯುತ್ತಾರೆ. ಅರ್ಜಿ ತಿರಸ್ಕಾರವಾದರೂ ವಲಸೆ ನ್ಯಾಯಾಧೀಶರ ಮುಂದೆ ಮತ್ತೆ ಹೇಳಿಕೊಳ್ಳುವ ಅವಕಾಶ ಇದೆ, ಆ ಹಂತದಲ್ಲಿ ವಕೀಲರಿಲ್ಲದೆ ಹೋಗಬೇಡಿ.

ಪೌರರನ್ನು ಮದುವೆಯಾಗಿ ಅವರ ಜೊತೆಯಲ್ಲೇ ಬಾಳುತ್ತಿರುವವರು ಕಾಯಂ ನಿವಾಸಿಯಾಗಿ ಮೂರು ವರ್ಷಕ್ಕೆ ಪೌರತ್ವಕ್ಕೆ ಅರ್ಜಿ ಹಾಕಬಹುದು. ಅಷ್ಟು ಹೊತ್ತಿಗೆ ಐ-751 ಇನ್ನೂ ಇತ್ಯರ್ಥವಾಗದೆ ಇರುವುದುಂಟು. ಆಗ ಎರಡನ್ನೂ ಒಂದೇ ಸಂದರ್ಶನದಲ್ಲಿ ನೋಡುತ್ತಾರೆ, ಅರ್ಜಿ ಹಾಕಿದ ಮೇಲಿನ ತಿಂಗಳುಗಳ ಕಾಗದವನ್ನೂ ಕೇಳುತ್ತಾರೆ. ಹಾಗಾಗಿ ಕಳಿಸಿದ ಫೈಲಿನ ಪೂರ್ತಿ ಪ್ರತಿಯೊಂದನ್ನು ಮನೆಯಲ್ಲಿಟ್ಟುಕೊಂಡು, ಹೊಸ ವರ್ಷದ ಬಾಡಿಗೆ ಕರಾರು, ತೆರಿಗೆ ರಿಟರ್ನ್, ಮೂರು ತಿಂಗಳಿಗೊಂದು ಬ್ಯಾಂಕ್ ಸ್ಟೇಟ್‌ಮೆಂಟನ್ನು ಅದಕ್ಕೆ ಸೇರಿಸುತ್ತ ಹೋಗಿ.